ಮಣ್ಣು ಹೋದ ದಾರಿ

ಬಳ್ಳಾರಿಯ ಹಳೆ ತಲೆಗಳಿಗೆ ಸಮುದ್ರವೆಂದರೆ ಮದ್ರಾಸು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಾವು ಮದ್ರಾಸಿನವರೇ. ಹೈಕೋರ್ಟು, ದೊಡ್ಡಾಸ್ಪತ್ರೆ, ದೊಡ್ಡ ಓದು, ಯಾವುದಕ್ಕಾದರೂ ಗುಂತಕಲ್ ಮೇಲೆ ಹಾಯ್ದು ಅಲ್ಲಿಗೇ ಹೋಗಬೇಕಿತ್ತು. ನಮ್ಮಜ್ಜ ಹೊಲದ ವ್ಯಾಜ್ಯಕ್ಕೆಂದು ಹೋದವನು ಮರೀನಾ ನೋಡಿಕೊಂಡು ಬಂದಿದ್ದನಂತೆ. ಸಮುದ್ರ ಹೆಂಗಿತ್ತು ಅಂತ ಯಾರು ಕೇಳಿದರೂ ಸಾಯೋ ತನಕ ಅವನು ಕೊಟ್ಟ ಉತ್ತರ ಒಂದೇ: "ಗಾಳಿ ಭಾಳ." ವ್ಯಾಜ್ಯ ಸೋತು ಬಂದಿದ್ದ ಅನ್ನೋದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಆಮೇಲೆ ರಾಜಧಾನಿ ಬೆಂಗಳೂರಾಯಿತು. ಕೋರ್ಟು ಕಚೇರಿ ಎಲ್ಲ ಕನ್ನಡದಲ್ಲಿ ಸಿಕ್ಕವು, ಸಮುದ್ರ ಕೈಬಿಟ್ಟು ಹೋಯಿತು. ನನ್ನ ಓರಗೆಯವರು ಅದನ್ನು ನೋಡಿದ್ದು ವೈಜಾಗ್ ಬೀಚಿನಲ್ಲಿ ತೆಗೆದ ತೆಲುಗು ಸಿನಿಮಾದ ಹಾಡುಗಳಲ್ಲಿ. ನಮ್ಮ ಜಿಲ್ಲೆಯಿಂದ ಸಮುದ್ರಕ್ಕೆ ಹೋಗದೇ ಇದ್ದದ್ದು ಜನ ಮಾತ್ರ. ಹತ್ತಿ ಹೋಗುತ್ತಿತ್ತು, ಅದಿರು ಹೋಗುತ್ತಿತ್ತು, ಹೊಳೆಯ ನೀರಂತೂ ಹೇಳದೆ ಕೇಳದೆ ಹೋಗುತ್ತಿತ್ತು.

ಪಡುವಣ ಸಮುದ್ರಕ್ಕೆ ನಮ್ಮೂರಿಂದ ರೈಲು ದಾರಿ ಇದೆ, ಅದೂ ಇವತ್ತಿನದಲ್ಲ. 1876ರಿಂದ 78ರವರೆಗೆ ಬಿದ್ದ ಬರವನ್ನು ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದರು. ಬಳ್ಳಾರಿ ಜಿಲ್ಲೆ ಅದರಲ್ಲಿ ಬೆಂದುಹೋಯಿತು. ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತರೆಂಬುದು ಸರ್ಕಾರಕ್ಕೆ ಆಗ ಹೊಳೆಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ ಗದಗ, ಹೊಸಪೇಟೆ ಕಡೆ ಹಳಿ ಹಾಸಿತು. ಅತ್ತ ಗೋವಾದ ಮುರಗಾಂವ್ ಬಂದರಿನಿಂದ ಪೋರ್ಚುಗೀಸರ ಹಳಿ ಘಟ್ಟ ಹತ್ತಿ ಕ್ಯಾಸಲ್ ರಾಕ್‌ಗೆ ಬಂದು ಕೂಡಿಕೊಂಡಿತು. ಬರದ ಹೆಸರಲ್ಲಿ ಬಂದ ಹಳಿ ಕಾಳು ತಂದದ್ದಕ್ಕಿಂತ ಹತ್ತಿ ಒಯ್ದದ್ದೇ ಹೆಚ್ಚು ಅಂತ ನನ್ನ ಗುಮಾನಿ.

ನಾವು ಆ ದಾರಿ ಹಿಡಿದದ್ದು ಗಣಿಯ ಹುಚ್ಚು ನೆತ್ತಿಗೇರಿದ್ದ ವರ್ಷಗಳಲ್ಲಿ. ಚೀನಾದವರು ನಮ್ಮ ಮಣ್ಣಿಗೆ ಮುಗಿಬಿದ್ದಿದ್ದರು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು, ಬೇವಿನ ಮರದ ಎಲೆಗೂ ಕೆಂಪು ಬಣ್ಣ. ಊರಲ್ಲಿ ಹೆಲಿಕಾಪ್ಟರ್ ಇಟ್ಟುಕೊಂಡವರೂ ಇದ್ದರು. ನಮ್ಮ ಓಣಿಯವರು ಚೀಟಿ ಹಾಕಿ ರೈಲು ಹತ್ತಿದೆವು.

ಚೀಟಿ ನಡೆಸುತ್ತಿದ್ದವಳು ನಮ್ಮಮ್ಮ. ತಿಂಗಳಿಗೊಮ್ಮೆ ನಮ್ಮ ಕಟ್ಟೆಯ ಮೇಲೆ ಹೆಂಗಸರು ಕೂತು ದುಡ್ಡು ಎಣಿಸುತ್ತಿದ್ದರು. ಆ ಸಲ ಕೊನೆಯ ಕಂತು ಮುಗಿದ ಮೇಲೆ ಒಂದಿಷ್ಟು ಉಳಿಯಿತು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಸೀರೆಗೂ ಸಾಲದು. ಯಾರೋ ಮಂತ್ರಾಲಯ ಅಂದರು, ಇನ್ಯಾರೋ ಶ್ರೀಶೈಲ. ಎಲ್ಲರೂ ನೋಡಿ ಬಂದ ಜಾಗಗಳೇ. ವಾಸ್ಕೋಗೆ ನಮ್ಮ ಸ್ಟೇಷನ್ನಿಂದಲೇ ನೇರ ಗಾಡಿ ಇದೆ, ಹೌರಾದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ಸು, ಅಂತ ನಾನು ಬಾಯಿಬಿಟ್ಟೆ. ಬೆಳಕು ಹರಿಯೋ ಮುಂಚೆ ಹತ್ತಿದರೆ ಮಧ್ಯಾಹ್ನಕ್ಕೆ ಸಮುದ್ರ. ಸಂಜೆ ತನಕ ಇದ್ದು ರಾತ್ರಿ ಗಾಡಿಗೆ ಹುಬ್ಬಳ್ಳಿ, ಅಲ್ಲಿಂದ ಪ್ಯಾಸೆಂಜರಿಗೆ ಮನೆ. ಲಾಡ್ಜಿನ ಖರ್ಚಿಲ್ಲ ಅನ್ನುವುದೊಂದೇ ಅಮ್ಮನಿಗೆ ಸಾಕಾಯಿತು.

ಸುದ್ದಿ ಊರೂರು ತಿರುಗಿ ಸಿರುಗುಪ್ಪದ ದೊಡ್ಡಪ್ಪ ಬರುತ್ತೇನೆಂದ, ಕುರುಗೋಡು ಅತ್ತೆ ಬರುತ್ತೇನೆಂದಳು. ಸಿರುಗುಪ್ಪಕ್ಕೆ ಇವತ್ತಿಗೂ ರೈಲಿಲ್ಲ. ಅಶೋಕನ ಶಾಸನ ನಿಟ್ಟೂರು, ಉದೇಗೊಳದ ತನಕ ಬಂದಿದೆ, ರೈಲು ಬಂದಿಲ್ಲ ಅಂತ ದೊಡ್ಡಪ್ಪ ನಗುತ್ತಿದ್ದ. ದಸರಾ ಮುಗಿದಿತ್ತು, ಭತ್ತ ಹೊಡೆ ತುಂಬುವ ಹೊತ್ತು, ಕೊಯ್ಲಿಗೆ ಇನ್ನೂ ದಿನವಿತ್ತು. ಅವನು ಹಿಂದಿನ ಸಂಜೆಯ ಬಸ್ಸಿಗೆ ಬಂದು ಇಳಿದಾಗ ಹೆಗಲಲ್ಲಿ ಚೀಲ, ಕೈಯಲ್ಲಿ ಅಳತೆ ಕೋಲು. ಅದೇಕೆ ಅಂದರೆ, "ಇರಲಿ ಬಿಡಪಾ, ಕೈಗೆ ರೂಢಿ" ಅಂದ. ಕಾಲುವೆಯ ಕೊನೇ ಭಾಗದ ರೈತ ಅವನು. ತುಂಗಭದ್ರಾ ಡ್ಯಾಮಿನ ಕೆಳಮಟ್ಟದ ಕಾಲುವೆ ಅವನ ಗದ್ದೆ ಮುಟ್ಟುವ ಹೊತ್ತಿಗೆ ಮೇಲಿನವರೆಲ್ಲ ಕುಡಿದು ಬಾಯಿ ಒರೆಸಿಕೊಂಡಿರುತ್ತಾರೆ. ರಾತ್ರಿ ಎದ್ದು ಹೋಗಿ ತೂಬಿನ ಬಳಿ ಕೋಲು ನೆಟ್ಟು, ನೀರು ಏರಿತೋ ಇಳಿಯಿತೋ ನೋಡಿಕೊಂಡು ಬರುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದ.

ಕುರುಗೋಡು ಅತ್ತೆಯದು ಬೇರೆ ಲೆಕ್ಕ. ದೊಡ್ಡ ಬಸವೇಶ್ವರನ ಗುಡಿಯ ಹತ್ತಿರದ ಓಣಿ, ಮೆಣಸಿನಕಾಯಿ ಹೊಲ. ಅವಳಿಗೆ ಬೇಕಿದ್ದುದು ಸಮುದ್ರ ಸ್ನಾನದ ಪುಣ್ಯ. ಅರಿಶಿನ, ಕುಂಕುಮ, ತೆಂಗಿನಕಾಯಿ, ಬಾಗಿನಕ್ಕೊಂದು ಕುಪ್ಪಸದ ತುಂಡು, ನೀರು ತುಂಬಿಕೊಂಡು ಬರಲು ಒಂದು ಖಾಲಿ ಬಾಟಲಿ. ಸಮುದ್ರವನ್ನು ಕಂಡಕಂಡ ದಿನ ಮುಟ್ಟಬಾರದು ಅಂತ ಯಾರೋ ಹೇಳಿದ್ದಕ್ಕೆ ಅಯ್ಯನವರ ಹತ್ತಿರ ಹೋಗಿ ತಿಥಿ ಕೇಳಿಕೊಂಡು ಬಂದಿದ್ದಳು. ಅವರು ಏನಂದರೋ ಹೇಳಲಿಲ್ಲ. ಒಟ್ಟು ಬಂದಳು.

ಇನ್ನೊಬ್ಬಳನ್ನು ಹೇಳಲೇಬೇಕು. ಎದುರುಮನೆಯಾಕೆ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗಳ ಹಿಂದೆ ಹೀಗೆ ಮನೆಯಲ್ಲೇ ಕೂತು ಗುಡ್ಡೆ ಗುಡ್ಡೆ ಪ್ಯಾಂಟಿನ ದಾರದ ತುದಿ ಕತ್ತರಿಸುವ ಹೆಂಗಸರ ದೊಡ್ಡ ಸೈನ್ಯವೇ ಇದೆ. ಪೀಸಿಗಿಷ್ಟು ಅಂತ ಕೂಲಿ. ರೈಲಲ್ಲಿ ಒಂದೊಂದು ಸ್ಟೇಷನ್ ಬಂದಾಗಲೂ ಆಕೆ "ಇಷ್ಟೊತ್ತಿಗೆ ಇಷ್ಟು ಪೀಸು ಆಗಿರೋವು" ಅಂತ ಲೆಕ್ಕ ಒಪ್ಪಿಸುತ್ತಿದ್ದಳು. ಧಾರವಾಡ ದಾಟಿದ ಮೇಲೆ ಲೆಕ್ಕ ನಿಂತಿತು.

ರಾತ್ರಿ ಸ್ಟೇಷನ್ನಿನಲ್ಲಿ ಜಮಖಾನ ಹಾಸಿಕೊಂಡು ಕೂತೆವು. 1921ರ ಅಕ್ಟೋಬರ್‌ನಲ್ಲಿ ಗಾಂಧೀಜಿ ಬಳ್ಳಾರಿಗೆ ಬಂದಾಗ, ಅವರನ್ನು ಯಾರು ಕರೆದೊಯ್ಯಬೇಕೆಂದು ಆಂಧ್ರ ಕಾಂಗ್ರೆಸ್ಸಿನವರಿಗೂ ಕರ್ನಾಟಕ ಕಾಂಗ್ರೆಸ್ಸಿನವರಿಗೂ ಜಗಳವಾಗಿ, ಅವರು ಯಾರ ಮನೆಗೂ ಹೋಗದೆ ಇದೇ ಸ್ಟೇಷನ್ನಿನಲ್ಲಿ ರಾತ್ರಿ ಕಳೆದರೆಂದು ಊರಲ್ಲಿ ಹೇಳುತ್ತಾರೆ. ಓಣಿಯ ಹುಡುಗರಿಗೆ ನಾನು ಅದನ್ನು ಹೇಳಹೊರಟರೆ ಅವರ ಕಣ್ಣೆಲ್ಲ ಬುತ್ತಿ ಗಂಟಿನ ಮೇಲೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಮೊಸರನ್ನ, ಮೇಲೊಂದು ಡಬರಿ ವಗ್ಗಾಣಿ. ಮಿರ್ಚಿ ಮಾತ್ರ ಬಿಸಿಯಿದ್ದಾಗಲೇ ತಿನ್ನಬೇಕೆಂದು ಅಮ್ಮ ಸ್ಟೇಷನ್ನಿನಲ್ಲೇ ಹಂಚಿಬಿಟ್ಟಳು.

ಗಾಡಿ ಬಂದಾಗ ನಮ್ಮ ಬರ್ತುಗಳಲ್ಲಿ ಬೇರೆ ಯಾರೋ ಮಲಗಿದ್ದರು, ಎರಡು ರಾತ್ರಿ ಕಳೆದು ಬಂದ ದಣಿದ ಜನ. ದೊಡ್ಡಪ್ಪ ಒಬ್ಬ ಬಂಗಾಳಿ ಮುದುಕನನ್ನು ಎಬ್ಬಿಸಲಾರದೆ ತೆಲುಗಿನಲ್ಲಿ ಕ್ಷಮೆ ಕೇಳುತ್ತ ನಿಂತ. ಬಳ್ಳಾರಿಯವನಿಗೆ ಕನ್ನಡ ನಡೆಯದ ಕಡೆ ತೆಲುಗು, ಅದೂ ನಡೆಯದಿದ್ದರೆ ಜೋರಾಗಿ ತೆಲುಗು. ಮುದುಕ ಎದ್ದು ಕಾಲು ಮಡಿಚಿ ಜಾಗ ಕೊಟ್ಟ. ಇಬ್ಬರೂ ಲೋಂಡಾ ತನಕ ಒಬ್ಬರಿಗೊಬ್ಬರು ಅರ್ಥವಾಗದೆ ಮಾತಾಡಿದರು.

ಹೊಸಪೇಟೆ ಬಿಟ್ಟಾಗ ಬೆಳಕು. ಹೊಳೆಯ ಸೇತುವೆ ಮೇಲೆ ಗಾಡಿ ನಿಧಾನ ಮಾಡಿತು. ಎಡಕ್ಕೆ ದೂರದಲ್ಲಿ ಡ್ಯಾಮಿನ ಗೋಡೆ. ದೊಡ್ಡಪ್ಪ ಎದ್ದು ನಿಂತು ಚಪ್ಪಲಿ ಬಿಟ್ಟ. ಯಾವ ಗುಡಿಯ ಮುಂದೆಯೂ ಅವನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮುನಿರಾಬಾದು, ಕೊಪ್ಪಳ, ಗದಗ. ಕಪ್ಪು ಹೊಲ, ಮತ್ತೆ ಕಪ್ಪು ಹೊಲ. ಹುಬ್ಬಳ್ಳಿಯಲ್ಲಿ ಚಹಾ. ಇದನ್ನೆಲ್ಲ ಬಸ್ಸಿನಲ್ಲಿ ನೂರು ಸಲ ನೋಡಿದವರೇ ನಾವು.

ಅಳ್ನಾವರ ದಾಟಿ ಕಾಡು ಶುರುವಾದ ಮೇಲೆ ಡಬ್ಬಿಯಲ್ಲಿ ಮಾತು ಕಡಿಮೆಯಾಯಿತು. ಕಲ್ಲುಗುಡ್ಡ ಮತ್ತು ಬಯಲಿನ ಜನ ನಾವು, ಹತ್ತು ಮೈಲಿ ಆಚೆ ಬರುವವನನ್ನು ಇಲ್ಲಿಂದಲೇ ಗುರುತಿಸುವವರು. ಕಿಟಕಿಗೆ ಒತ್ತಿಕೊಂಡು ಬರುವ ಹಸಿರು ಕಂಡು ಅತ್ತೆಗೆ ಉಸಿರು ಕಟ್ಟಿದಂತಾಗಿ, "ಇದರಾಗ ಮನುಷ್ಯರು ಹೆಂಗ ದಾರಿ ಹುಡುಕ್ತಾರ?" ಅಂದಳು. ಕ್ಯಾಸಲ್ ರಾಕ್‌ನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. 1961ರ ಡಿಸೆಂಬರ್ ತನಕ ಇದು ಗಡಿ. ಈಚೆ ನಮ್ಮ ಸುಂಕದವರು, ಕೆಳಗೆ ಕುಳೇಂ ಸ್ಟೇಷನ್ನಿನಲ್ಲಿ ಪೋರ್ಚುಗೀಸರು. ಈಗ ಇಲ್ಲಿ ನಿಲ್ಲುವುದು ಘಟ್ಟದ ಏರಿಳಿತಕ್ಕೆ ಬೇಕಾದ ಹೆಚ್ಚಿನ ಎಂಜಿನ್ನಿಗಾಗಿ. ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಇಳಿಯುವ ದಾರಿ. ಎದುರಿಂದ ಮೇಲಕ್ಕೆ ಬಂದ ಗೂಡ್ಸು ನಮ್ಮ ಪಕ್ಕದಲ್ಲೇ ನಿಂತಿತು. ಖಾಲಿ ವ್ಯಾಗನ್ನುಗಳು, ತಳದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಎದುರುಮನೆಯಾಕೆ ಕಿಟಕಿಯಲ್ಲಿ ಬಗ್ಗಿ ನೋಡಿ, "ನಮ್ಮ ಸಂಡೂರಿಂದು" ಅಂದಳು, ಸಂತೆಯಲ್ಲಿ ಊರಿನವರು ಸಿಕ್ಕ ಹಾಗೆ.

ದೂಧ್‌ಸಾಗರ ಬಂದಾಗ ಇಡೀ ಡಬ್ಬಿ ಒಂದೇ ಕಡೆ ಸರಿಯಿತು. ಮುನ್ನೂರು ಮೀಟರಿಗೂ ಎತ್ತರದಿಂದ ನೀರು ಹಳಿಯ ಪಕ್ಕದಲ್ಲೇ ಬಿದ್ದು ಸೇತುವೆಯ ಕೆಳಗೆ ಹಾಯುತ್ತದೆ. ಹುಡುಗರು ಕಿರುಚಿದರು, ತುಂತುರು ಬಂದು ಮುಖಕ್ಕೆ ಬಡಿಯಿತು. ದೊಡ್ಡಪ್ಪ ಮಾತ್ರ ಕೆಳಗೆ ಹೋಗುವ ನೀರನ್ನು ನೋಡುತ್ತಿದ್ದ. ಇದು ಎಲ್ಲಿಗೆ ಹೋಗುತ್ತೆ ಅಂತ ಅವನ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಹತ್ತಿದ್ದ ನವಲಗುಂದ ಕಡೆಯ ರೈತನೊಬ್ಬ ಉತ್ತರ ಕೊಟ್ಟ: "ಮಾಂಡವಿ ಸೇರತೈತ್ರಿ. ಅದೇ ನಮ್ಮ ಮಹದಾಯಿ. ಆ ಹೊಳಿ ನೀರು ಒಂದೀಟು ನಮ್ಮ ಮಲಪ್ರಭಾಕ್ಕ ತಿರುಗಸ್ರಿ ಅಂತ ಕೇಳಾಕತ್ತು ಎಷ್ಟ್ ವರ್ಷ ಆತು. ಯಾರ್ ಕೇಳ್ತಾರ್ರಿ?" ಅಲ್ಲಿಂದ ಮಡಗಾಂವ್ ತನಕ ಇಬ್ಬರದೂ ಟಿಎಂಸಿ ಮಾತು. ಆ ನವಲಗುಂದದವನ ಪ್ರಶ್ನೆಗೆ ಮಹದಾಯಿ ನ್ಯಾಯಾಧಿಕರಣದ ಉತ್ತರ ಸಿಕ್ಕಿದ್ದು 2018ರ ಆಗಸ್ಟಿನಲ್ಲಿ, ಕರ್ನಾಟಕಕ್ಕೆ 13.42 ಟಿಎಂಸಿ ಅಂತ. ಕಾಗದದ ಮೇಲಿನ ನೀರು ಕಾಲುವೆಗೆ ಬರುವ ಮಾತನ್ನು ನವಲಗುಂದದವರನ್ನೇ ಕೇಳಬೇಕು.

ವಾಸ್ಕೋ ಕೊನೆಯ ನಿಲ್ದಾಣ. ಸ್ಟೇಷನ್ನಿನಿಂದ ಬೈನಾ ತೀರಕ್ಕೆ ಗುಂಪು ಕಟ್ಟಿಕೊಂಡು ನಡೆದೆವು. ದಾರಿಯಲ್ಲಿ ನಾನು ಹಿಂದಿಯಲ್ಲಿ ಕೇಳಿದರೆ ತರಕಾರಿ ಮಾರುವಾಕೆ ಕನ್ನಡದಲ್ಲಿ ಉತ್ತರಿಸಿದಳು. ಆಟೋದವನು ಕನ್ನಡ, ಚಹಾದಂಗಡಿಯವನು ಕನ್ನಡ. ಗಾರೆ ಕೆಲಸಕ್ಕೆ, ಬಂದರಿನ ಕೂಲಿಗೆ ಬಂದ ಬಾಗಲಕೋಟೆ, ಗದಗ, ಹಾವೇರಿ ಕಡೆಯವರು ತಲೆಮಾರುಗಳಿಂದ ಇಲ್ಲಿದ್ದಾರೆ. 2004ರಲ್ಲಿ ಬೈನಾ ತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರು ಬಹಳ. ನಾವು ಹೋದಾಗಲೂ ಆ ಗಾಯ ಹಸಿಯಾಗಿತ್ತು. ಪ್ರವಾಸ ಬಂದವರೆಂದು ಗೊತ್ತಾಗಿ ಆ ಜನ ನಮ್ಮನ್ನು ಸ್ವಲ್ಪ ವಿಚಿತ್ರವಾಗಿಯೇ ನೋಡಿದರು. ತಮ್ಮ ಸೀಮೆಯವರು ಇಲ್ಲಿಗೆ ದುಡಿಯಲು ಬರುವುದು ಗೊತ್ತು, ಸುಮ್ಮನೆ ನೋಡಲು ಬರುವುದೇ ಅವರಿಗೆ ಹೊಸದು.

ಮನೆಗಳ ಸಾಲು ಮುಗಿದಲ್ಲಿ ಸಮುದ್ರ ಇತ್ತು. ಅದನ್ನು ವರ್ಣಿಸುವ ಗೋಜಿಗೆ ಹೋಗಲಾರೆ. ಅಜ್ಜ ಹೇಳಿದ ಎರಡು ಮಾತಿಗೆ ಸೇರಿಸಲು ನನ್ನ ಬಳಿಯೂ ಹೆಚ್ಚೇನಿಲ್ಲ. ಅತ್ತೆ ಅರಿಶಿನ ಕುಂಕುಮ ಬಿಟ್ಟು ಕಾಯಿ ಒಡೆದಳು. ತೇಲಿಬಿಟ್ಟ ಕುಪ್ಪಸದ ತುಂಡನ್ನು ಸಮುದ್ರ ಮೂರು ಸಲ ವಾಪಸು ತಂದು ಕಾಲಬುಡಕ್ಕೆ ಹಾಕಿತು. ನಾಲ್ಕನೇ ಸಲಕ್ಕೆ ಅತ್ತೆ, "ಬ್ಯಾಡಾದ್ರೆ ಬಿಡವ್ವ" ಅಂತ ಹಿಂಡಿ ಚೀಲಕ್ಕೆ ಹಾಕಿಕೊಂಡಳು. ಎದುರುಮನೆಯಾಕೆ ಮೊಣಕಾಲು ಮಟ್ಟ ನೀರಲ್ಲಿ ನಿಂತವಳು ಕತ್ತಲಾಗುವ ತನಕ ಈಚೆ ಬರಲಿಲ್ಲ. ಕೈಗೆ ಏನೂ ಕೆಲಸವಿಲ್ಲದೆ ಅಷ್ಟು ಹೊತ್ತು ನಿಂತ ಆಕೆಯನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ದೊಡ್ಡಪ್ಪ ನೀರಿಗೆ ಇಳಿಯಲಿಲ್ಲ. ನೀರು ಬಂದು ಮುಟ್ಟುವ ಅಂಚಿನಲ್ಲಿ ಕೋಲು ನೆಟ್ಟು, ಪಂಚೆ ಮೇಲೆ ಕಟ್ಟಿ, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನಾವು ಮಂಡಕ್ಕಿ ತಿಂದೆವು, ಹುಡುಗರು ಮರಳಲ್ಲಿ ಬಿದ್ದು ಎದ್ದರು, ಅವನು ಅಲ್ಲಾಡಲಿಲ್ಲ. ಸೂರ್ಯ ಕೆಳಗಾಗುವ ಹೊತ್ತಿಗೆ ನನ್ನನ್ನು ಕೂಗಿದ. ನೀರು ಕೋಲನ್ನು ಬಿಟ್ಟು ಎಷ್ಟೋ ಮಾರು ಹಿಂದೆ ಹೋಗಿತ್ತು.

"ನೋಡಲೇ, ನೀರು ಇಳಿಯಾಕತ್ತಾವ. ಮ್ಯಾಲೆ ಯಾರೋ ಗೇಟು ಬಂದ್ ಮಾಡ್ಯಾರ."

ಇದು ಇಳಿತ, ಚಂದ್ರನಿಂದ ಆಗೋದು, ಮತ್ತೆ ಏರುತ್ತೆ ಅಂತ ನಾನು ಶಾಲೆಯಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಕೇಳಿದ್ದು ಒಂದೇ: "ಅಂದ್ರ, ದಿನಾ ಇಷ್ಟೊತ್ತಿಗೆ ಇಳೀತಾವ, ಇಷ್ಟೊತ್ತಿಗೆ ಬರ್ತಾವ ಅಂತ ಮೊದಲೇ ಗೊತ್ತಿರತೈತಿ?" ಹೌದು ದೊಡ್ಡಪ್ಪ, ಮೀನು ಹಿಡಿಯೋರು ಟೈಮು ಬರೆದೇ ಇಟ್ಟುಕೊಂಡಿರ್ತಾರೆ ಅಂದೆ. ಅವನಿಗೆ ಬೆರಗಾದದ್ದು ಅದಕ್ಕೆ. ಎಷ್ಟು ನೀರಿದೆ ಅನ್ನುವುದು ಅವನ ತಲೆಗೆ ಹೋಗಲೇ ಇಲ್ಲ. ಹೇಳಿದ ಹೊತ್ತಿಗೆ ಬರುವ ನೀರು ಲೋಕದಲ್ಲಿದೆ ಅನ್ನುವುದು ಹೋಯಿತು. ಇಂಜಿನಿಯರುಗಳನ್ನು ಕರಕೊಂಡು ಬಂದು ತೋರಿಸಬೇಕು ಅಂತ ಗೊಣಗುತ್ತ ಕೋಲು ಕಿತ್ತುಕೊಂಡ.

ಮಂಡಕ್ಕಿ ಮಾರುವಾಕೆ ಗದಗ ಸೀಮೆಯವಳು. ನಾವು ಬಳ್ಳಾರಿಯವರೆಂದು ತಿಳಿದು ಕಣ್ಣಲ್ಲೇ ಬಂದರಿನ ದಿಕ್ಕು ತೋರಿಸಿದಳು. "ನಿಮ್ಮೂರ ಮಣ್ಣು ದಿನಾ ಬರತೈತ್ರಿ, ನೀವು ಈಗ ಬಂದ್ರಿ." ಅವಳ ಗಂಡನಿಗೆ ಅಲ್ಲೇ ಕೂಲಿ. ಹೊರಗೆ ನೀರಲ್ಲಿ ನಿಂತ ಹಡಗುಗಳಿಗೆ ದೀಪ ಹತ್ತಿದ್ದವು. ಅಲ್ಲಿಂದ ಮಣ್ಣು ಹೋಗುತ್ತೆ, ಕಲ್ಲಿದ್ದಲು ಬರುತ್ತೆ, ಗಾಳಿ ಈ ಕಡೆ ತಿರುಗಿದರೆ ಒಣಹಾಕಿದ ಅರಿವೆಯೆಲ್ಲ ಕರ್ರಗಾಗುತ್ತೆ ಅಂದಳು. ಎದುರುಮನೆಯಾಕೆ ಅದಕ್ಕೆ, "ನಮ್ಮಲ್ಲಿ ಕೆಂಪಗಾಗ್ತಾವ" ಅಂದಳು. ಇಬ್ಬರೂ ಸೋಪಿನ ವಿಚಾರಕ್ಕೆ ಇಳಿದರು. ಯಾವ ಸೋಪಿಗೆ ಯಾವ ಧೂಳು ಬಿಡುತ್ತದೆ ಅನ್ನುವುದರ ಮೇಲೆ ಬಹಳ ಹೊತ್ತು ನಡೆದ ಆ ಮಾತುಕತೆ, ಗಣಿಯ ಬಗ್ಗೆ ನಾನು ಕೇಳಿದ ಭಾಷಣಗಳಿಗಿಂತ ಹೆಚ್ಚು ತಿಳಿವಳಿಕೆಯದ್ದಾಗಿತ್ತು.

ವಾಪಸಿನದು ಹೇಳುವಂಥದ್ದೇನಿಲ್ಲ. ನಿದ್ದೆ, ಹುಬ್ಬಳ್ಳಿ, ಪ್ಯಾಸೆಂಜರು, ಒಣಗಿದ ರೊಟ್ಟಿ. ಅತ್ತೆಯ ಬಾಟಲಿಯ ನೀರನ್ನು ಕೊಪ್ಪಳದ ಹತ್ತಿರ ಯಾರೋ ಹುಡುಗ ಕುಡಿಯಲು ಹೋಗಿ ಉಗಿದ. ಉಳಿದದ್ದನ್ನು ಅವಳು ಕುರುಗೋಡಿನ ಮನೆಯ ಮೂಲೆಮೂಲೆಗೂ ಚಿಮುಕಿಸಿದಳಂತೆ.

ಆಮೇಲೆ ಲೆಕ್ಕ ತಿರುಗಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಮಣ್ಣು ಹೋಗುವುದು ನಿಂತರೂ ಹಳಿ ಸುಮ್ಮನಿರಲಿಲ್ಲ. ಮುರಗಾಂವ್‌ನಲ್ಲಿ ಇಳಿಯುವ ಕಲ್ಲಿದ್ದಲು ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಬರುತ್ತಲೇ ಇತ್ತು. ಹಳಿ ಜೋಡಿ ಮಾಡಿದರೆ ಕಲ್ಲಿದ್ದಲು ಇನ್ನೂ ಹೆಚ್ಚುತ್ತದೆ ಅಂತ 2020ರ ನವೆಂಬರಿನ ಮೊದಲ ರಾತ್ರಿ ಗೋವಾದವರು ಚಾಂದೋರ್‌ನಲ್ಲಿ ಹಳಿಯ ಮೇಲೆ ಕೂತರು. ಟಿವಿಯಲ್ಲಿ ಮೇಣದ ಬತ್ತಿ ಹಿಡಿದ ಜನರನ್ನು ನೋಡುತ್ತ ನನಗೆ ಇಕ್ಕಟ್ಟಾಯಿತು. ಆ ಕಲ್ಲಿದ್ದಲಿನಿಂದ ಬೇಯುವ ಉಕ್ಕಿನಲ್ಲಿ ನಮ್ಮ ಓಣಿಯ ಎಷ್ಟೋ ಮನೆಗಳ ಅನ್ನವಿದೆ. ಆ ಗುಂಪಿನಲ್ಲಿ ಮಂಡಕ್ಕಿ ಮಾರುವಾಕೆ ಇದ್ದಾಳೇನೋ ಅಂತಲೂ ನೋಡಿದೆ. ಚಾಂದೋರ್ ಎಲ್ಲಿ, ಬೈನಾ ಎಲ್ಲಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಡ್ಯಾಮು ತುಂಬಿ ತುಳುಕುತ್ತಿದ್ದ ಹೊತ್ತು. ಗೋಡೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಹತ್ತಾರು ಟಿಎಂಸಿ ಹೊಳೆಗೆ ಹೋಯಿತು. ಸಿರುಗುಪ್ಪದಲ್ಲಿ ನಾಟಿ ಮಾಡಿ ಕೂತವರು ದಿನವಿಡೀ ಟಿವಿ ಮುಂದೆ. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕನ್ನಯ್ಯ ನಾಯ್ಡು ಅವರ ಹೆಸರು ಮನೆಮಾತಾಯಿತು.

ಗೇಟು ಹೋದ ಮರುದಿನ ದೊಡ್ಡಪ್ಪ ಫೋನು ಮಾಡಿದ. ಈಗ ಅವನಿಗೆ ಕಣ್ಣು ಮಂಜು, ಗದ್ದೆ ಮಗ ನೋಡಿಕೊಳ್ಳುತ್ತಾನೆ. "ನೀರೆಲ್ಲ ಸಮುದ್ರಕ್ಕ ಹೋಗಾಕತ್ತಾವ ಅಂತ ಟಿವಿಯಾಗ ಅನ್ನಾಕತ್ತಾರ. ನಾವು ನೋಡಿದ್ದಕ್ಕೇನು?" ಅಲ್ಲ ಅಂದೆ. ನಮ್ಮ ಹೊಳೆ ಹುಟ್ಟುವುದು ಪಡುವಣ ಕಡಲಿಗೆ ಹತ್ತಿರದ ಘಟ್ಟದಲ್ಲಾದರೂ ಹರಿಯುವುದು ಮೂಡಣಕ್ಕೆ. ಕೃಷ್ಣೆಯನ್ನು ಸೇರಿ, ಆಂಧ್ರ ದಾಟಿ, ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿಗೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮತ್ತ ಅವತ್ತು ನಮ್ಮನ್ನ ಬ್ಯಾರೆಯವರ ಸಮುದ್ರಕ್ಕ ಯಾಕ ಕರಕೊಂಡು ಹೋದೆಲೇ?"

ಬಳ್ಳಾರಿಯಿಂದ ಆ ಕಡೆಗೂ ರೈಲಿದೆ. ವಿಜಯವಾಡದ ತನಕ ಒಂದೇ ಗಾಡಿ, ಅಲ್ಲಿಂದ ಮಚಲಿಪಟ್ಟಣಕ್ಕೆ ಇನ್ನೊಂದು. ಭಾಷೆಯ ತೊಂದರೆಯಿಲ್ಲ, ತೆಲುಗು ನಡೆಯುತ್ತೆ. ಟಿಕೆಟ್ಟಿನ ರೇಟು ನೋಡಿಟ್ಟಿದ್ದೇನೆ. ಅತ್ತೆಗೆ ಮೊಣಕಾಲು ನೋವು, ಕೆಳಗಿನ ಬರ್ತು ಸಿಕ್ಕರೆ ಬರುತ್ತಾಳಂತೆ. ಅಮ್ಮ ಚೀಟಿ ನಿಲ್ಲಿಸಿ ವರ್ಷಗಳಾದವು, ದುಡ್ಡು ಹೇಗೆ ಕೂಡಿಸುವುದೆಂಬ ಮಾತು ಇನ್ನೂ ನಡೆದಿದೆ.